ಹಳೆಯ ಬ್ರೆಝಾ ಕೊಳ್ಳುವ ಮುನ್ನ ಅದು ಹುಟ್ಟಿದ ತಿಂಗಳು ಕೇಳಿ



2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ಬಂದುದರಿಂದ ನಮ್ಮಲ್ಲಿ ಅನೇಕರು ಬಹುದಿನಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಕೆಲಸಗಳಿಗೆ ಕೈಹಾಕಿದ್ದಾರೆ. ಕೆಲವರು ಕಣಕ್ಕೆ ಸಿಮೆಂಟು ಹಾಕಿಸಿದರು, ಕೆಲವರು ಬ್ಯಾಂಕಿನ ಸಾಲ ತೀರಿಸಿದರು. ಈಗ ಸಂಘದ ಕಚೇರಿಗೆ ಬರುವವರು ಗೊಬ್ಬರದ ಮಾತು ಮುಗಿಸಿ ಏಳುವಾಗ ಕೇಳುವ ಪ್ರಶ್ನೆ ಒಂದೇ: "ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನೋಡಬೇಕಿತ್ತು, ಯಾವುದು ತಗೊಳ್ಳಬಹುದು?"

ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ ನಮ್ಮ ಸದಸ್ಯರೊಬ್ಬರಿಗೆ ನಾವು ಸರಿಯಾದ ಉತ್ತರ ಕೊಡಲಿಲ್ಲ. ಅವರಿಗೆ ನಾಲ್ಕು ಎಕರೆ ತೋಟ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಉತ್ತರ ಬೆಂಗಳೂರಿನ ಒಬ್ಬ ದಲ್ಲಾಳಿ "2018ರ ಮಾಡೆಲ್ ಬ್ರೆಝಾ, ಎರಡು ಏರ್‌ಬ್ಯಾಗ್ ಇರುವ ಗಾಡಿ" ಎಂದು ತೋರಿಸಿದ. ನಾವೂ ಜೊತೆಗೆ ಹೋಗಿದ್ದೆವು. ಬಣ್ಣ ನೋಡಿದೆವು, ಟೈರು ನೋಡಿದೆವು, ಎಂಜಿನ್ ಸದ್ದು ಕೇಳಿದೆವು, "ಆಗಬಹುದು" ಎಂದೆವು. ಊರಿಗೆ ತಂದ ಮೂರನೆಯ ದಿನ ಅವರ ಮಗ ಸ್ಟಿಯರಿಂಗ್ ಮೇಲಿನ ಅಕ್ಷರ ಓದಿ, "ಅಪ್ಪಾ, ಇಲ್ಲಿ ಏರ್‌ಬ್ಯಾಗ್ ಅಂತ ಬರೆದಿದೆ, ಅಮ್ಮನ ಮುಂದೆ ಯಾಕೆ ಬರೆದಿಲ್ಲ?" ಎಂದು ಕೇಳಿದನಂತೆ. ಆ ಗಾಡಿಯಲ್ಲಿ ಎಡಗಡೆಯ ಏರ್‌ಬ್ಯಾಗ್ ಇರಲೇ ಇಲ್ಲ. ಆರ್.ಸಿ. ತೆಗೆದು ನೋಡಿದರೆ ನೋಂದಣಿಯಾದದ್ದು 2018ರ ಜೂನ್, ತಯಾರಾದದ್ದು ಅದೇ ವರ್ಷದ ಫೆಬ್ರವರಿ. ಈ ನಾಲ್ಕು ತಿಂಗಳ ನಡುವೆ ಏನಾಯಿತೆಂಬುದು ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಇಂದಿಗೂ ಅವರು ಹೆಂಡತಿಯನ್ನು ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು ಹೋಗುತ್ತಾರೆ.

ಆ ತಪ್ಪು ಇನ್ನೊಬ್ಬರಿಗೆ ಆಗಬಾರದೆಂದು ಈ ಲೇಖನ. ನಮ್ಮ ಸದಸ್ಯರು ಹೆಚ್ಚಾಗಿ ಕೇಳುವ ಗಾಡಿ ಮಾರುತಿಯವರ ಬ್ರೆಝಾ ಆದುದರಿಂದ ಅದನ್ನೇ ಆರಿಸಿಕೊಂಡಿದ್ದೇವೆ. ಬೇರೆ ಗಾಡಿ ನೋಡುವವರಿಗೂ ಈ ಕ್ರಮವೇ ಉಪಯೋಗಕ್ಕೆ ಬರುತ್ತದೆ.

ನಾಲ್ಕು ಮೀಟರಿನ ಲೆಕ್ಕ

ಮೊದಲು ಈ ಗಾಡಿ ಇಷ್ಟೇ ಉದ್ದ ಏಕೆ ಎಂಬುದನ್ನು ತಿಳಿಯಬೇಕು. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಲಾಯಿತು. ಸಣ್ಣ ಕಾರು ಎಂದರೆ ಉದ್ದ ನಾಲ್ಕು ಮೀಟರು ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಮೀರಬಾರದು ಎಂದು ನಿಗದಿಯಾಯಿತು. ಅಂದಿನಿಂದ ಕಂಪನಿಗಳು ಜೀಪಿನಂತೆ ಎತ್ತರವಾಗಿ ನಿಲ್ಲುವ, ಆದರೆ ಉದ್ದದಲ್ಲಿ ಆ ಗೆರೆ ದಾಟದ ಗಾಡಿಗಳನ್ನು ಮಾಡತೊಡಗಿದವು. ಬ್ರೆಝಾ ಉದ್ದ 3995 ಮಿಲಿಮೀಟರು, ಗೆರೆಗೆ ಐದು ಮಿಲಿಮೀಟರು ಮಾತ್ರ ಕಡಿಮೆ. ನೆಲದಿಂದ ಗಾಡಿಯ ತಳದ ಎತ್ತರ 198 ಮಿಲಿಮೀಟರು, ಅಂದರೆ ಎಂಟು ಅಂಗುಲಕ್ಕೆ ತುಸು ಕಡಿಮೆ. ಮಳೆಗಾಲದಲ್ಲಿ ಕೊರೆದುಹೋದ ತೋಟದ ದಾರಿಗೆ ಸಾಮಾನ್ಯ ಕಾರಿಗಿಂತ ಇದು ಎಷ್ಟೋ ವಾಸಿ.

ಆದರೆ ಒಂದು ಮಾತು ನೆನಪಿರಲಿ. ಇದು ಜೀಪಿನ ವೇಷದ ಕಾರು, ಜೀಪಲ್ಲ. ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ. ಹಿಂದೆ ನಾಲ್ಕು ಮೂಟೆ ಗೊಬ್ಬರ ಹಾಕಿದ್ದರೆ ಇನ್ನೂ ವಾಲುತ್ತದೆ. ಆಗ ಮುಂದಿನ ಚಕ್ರಗಳು ಹಗುರಾಗಿ, ಒದ್ದೆ ಕೆಂಪುಮಣ್ಣಿನಲ್ಲಿ ಇದ್ದಲ್ಲೇ ತಿರುಗುತ್ತವೆ. ಮನೆಯಿಂದ ತಾರು ರಸ್ತೆಗೆ ಕಡಿದಾದ ಮಣ್ಣಿನ ಏರು ಇರುವವರು ಈ ಗಾಡಿಯ ಆಸೆ ಬಿಡುವುದೇ ಲೇಸು. ಅಂಥವರು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಮಹೀಂದ್ರ ಬೊಲೆರೊ ಅಥವಾ ಟಿ.ಯು.ವಿ. 300, ಇಲ್ಲವೆ 2014ರಿಂದ ಬಂದ ರೆನೋ ಡಸ್ಟರಿನ ನಾಲ್ಕು ಚಕ್ರದ ಮಾದರಿಯನ್ನು ನೋಡಬಹುದು. ಡಸ್ಟರಿನಲ್ಲೂ ಎಲ್ಲವೂ ನಾಲ್ಕು ಚಕ್ರದವಲ್ಲ, ಕೇಳಿ ತಿಳಿಯಬೇಕು.

ವರ್ಷ ವರ್ಷಕ್ಕೆ ಆದ ಬದಲಾವಣೆ

2016: ಮಾರ್ಚ್ ತಿಂಗಳಲ್ಲಿ "ವಿಟಾರಾ ಬ್ರೆಝಾ" ಎಂಬ ಹೆಸರಿನಲ್ಲಿ ಗಾಡಿ ಮಾರುಕಟ್ಟೆಗೆ ಬಂತು. ಆಗ ಇದ್ದದ್ದು ಡೀಸೆಲ್ ಮಾತ್ರ. ಎಂಜಿನ್ 1248 ಸಿ.ಸಿ., ಮೂಲತಃ ಇಟಲಿಯ ಫಿಯೆಟ್ ಕಂಪನಿಯದು. 90 ಅಶ್ವಶಕ್ತಿ, ಐದು ಗೇರು. ಕೆಳಗಿನ ಮಟ್ಟದ ಎಲ್.ಡಿ.ಐ., ವಿ.ಡಿ.ಐ. ಗಾಡಿಗಳಲ್ಲಿ ಏರ್‌ಬ್ಯಾಗ್ ಚಾಲಕನಿಗೆ ಮಾತ್ರ. ಹೆಸರಿನ ಕೊನೆಯಲ್ಲಿ ಆವರಣದೊಳಗೆ "ಓ" ಎಂದು ಇರುವ ಐಚ್ಛಿಕ ಮಾದರಿಗಳಲ್ಲಿ ಮತ್ತು ಮೇಲಿನ ಝಡ್.ಡಿ.ಐ.ಗಳಲ್ಲಿ ಮಾತ್ರ ಎರಡು ಏರ್‌ಬ್ಯಾಗು ಹಾಗೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಬ್ರೇಕು.

2018: ಮೇ ತಿಂಗಳು ಈ ಗಾಡಿಯ ಚರಿತ್ರೆಯಲ್ಲಿ ಮುಖ್ಯವಾದುದು. ಆಗ ಎರಡು ಏರ್‌ಬ್ಯಾಗು, ಎ.ಬಿ.ಎಸ್., ಮಕ್ಕಳ ಸೀಟು ಬಿಗಿಯುವ ಕೊಂಡಿ, ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರು, ಇವಿಷ್ಟನ್ನೂ ಎಲ್ಲ ಮಟ್ಟದ ಗಾಡಿಗಳಿಗೂ ಕೊಡಲಾಯಿತು. "ಓ" ಮಾದರಿಗಳ ಅಗತ್ಯವೇ ಇಲ್ಲವಾಗಿ ಅವು ನಿಂತವು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಬ್ರೆಝಾಗೆ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ನಾಲ್ಕು, ಮಕ್ಕಳ ರಕ್ಷಣೆಯಲ್ಲಿ ಎರಡು ನಕ್ಷತ್ರ ದೊರೆತವು. ಕ್ಲಚ್ ತುಳಿಯದೆ ಓಡಿಸುವ ಎ.ಜಿ.ಎಸ್. ಗೇರು ಬಂದದ್ದೂ ಆ ಮೇ ತಿಂಗಳಲ್ಲೇ. ನಮ್ಮ ಸದಸ್ಯರ ಗಾಡಿ ಫೆಬ್ರವರಿಯದು. ಮೂರು ತಿಂಗಳ ಅಂತರದಲ್ಲಿ ಇವೆಲ್ಲ ತಪ್ಪಿಹೋದವು.

2020: ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಹೊಗೆ ನಿಯಮ ಬಂತು. ಡೀಸೆಲ್ ಎಂಜಿನನ್ನು ಆ ಮಟ್ಟಕ್ಕೆ ಏರಿಸುವುದು ದುಬಾರಿಯೆಂದು ಮಾರುತಿಯವರು ಡೀಸೆಲನ್ನೇ ಕೈಬಿಟ್ಟರು. ಫೆಬ್ರವರಿಯಲ್ಲೇ 1.5 ಲೀಟರಿನ ಪೆಟ್ರೋಲ್ ಎಂಜಿನ್ ಬಂದಿತ್ತು: 105 ಅಶ್ವಶಕ್ತಿ, ಐದು ಗೇರು ಅಥವಾ ನಾಲ್ಕು ಗೇರಿನ ಆಟೋಮ್ಯಾಟಿಕ್. ಅದೇ ಸೆಪ್ಟೆಂಬರಿನಿಂದ 2022ರವರೆಗೆ ಮಾರಾಟವಾದ ಟೊಯೋಟ ಅರ್ಬನ್ ಕ್ರೂಸರ್ ಇದೇ ಗಾಡಿ. ಮಾರುತಿಯವರೇ ತಯಾರಿಸಿದ್ದು, ಹೆಸರು ಮಾತ್ರ ಬೇರೆ. ಆದುದರಿಂದ ಬೆಲೆ ಕೇಳುವಾಗ ಎರಡನ್ನೂ ಹೋಲಿಸಿ ನೋಡಬೇಕು.

2022: ಜೂನ್ 30ರಂದು ಹೊಸ ಆಕಾರದ ಗಾಡಿ ಬಂತು. "ವಿಟಾರಾ" ಹೋಗಿ ಬರಿಯ "ಬ್ರೆಝಾ" ಉಳಿಯಿತು. ಆಟೋಮ್ಯಾಟಿಕ್‌ಗೆ ಆರು ಗೇರು. ಮೇಲಿನ ಮಟ್ಟದಲ್ಲಿ ಆರು ಏರ್‌ಬ್ಯಾಗು, ಸುತ್ತಲೂ ತೋರಿಸುವ ಕ್ಯಾಮರಾ, ತೆರೆಯುವ ಮಾಡು. ಮಾಡಿನಿಂದ ನಮಗೇನೂ ಆಗಬೇಕಾದ್ದಿಲ್ಲ. ಆದರೆ ತಿರುವಿನಲ್ಲಿ ಗಾಡಿ ಜಾರದಂತೆ ತಡೆಯುವ ಇ.ಎಸ್.ಪಿ. ಮತ್ತು ಏರಿನಲ್ಲಿ ಬ್ರೇಕು ಬಿಟ್ಟೊಡನೆ ಹಿಂದಕ್ಕೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್ ಎಲ್ಲ ಮಟ್ಟಕ್ಕೂ ಬಂದವು. ಘಾಟಿಯಲ್ಲಿ ಓಡಾಡುವವರಿಗೆ ಇವು ಬೆಲೆಬಾಳುವಂಥವು.

2023: ಮಾರ್ಚ್‌ನಲ್ಲಿ ಸಿ.ಎನ್.ಜಿ. ಮಾದರಿ ಬಂತು. ಅನಿಲದ ಬಂಕು ಹತ್ತಿರವಿಲ್ಲದ ಕಡೆ ಅದು ಬೇಡ. ಸಿಲಿಂಡರು ಹಿಂದಿನ ಸಾಮಾನಿನ ಜಾಗವನ್ನೂ ತಿನ್ನುತ್ತದೆ. ಆ ಏಪ್ರಿಲ್‌ನಿಂದ ತಯಾರಾದ ಪೆಟ್ರೋಲ್ ಗಾಡಿಗಳು ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಒಗ್ಗುವಂತೆ ಮಾಡಿದವು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ ಆದುದರಿಂದ 2020ರಿಂದ 2022ರವರೆಗಿನ ಪೆಟ್ರೋಲ್ ಗಾಡಿ ಕೊಳ್ಳುವವರು ಇಂಧನದ ರಬ್ಬರ್ ಕೊಳವೆಗಳನ್ನು ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು.

ಬೇರೆ ಕಂಪನಿಯ ಗಾಡಿ ನೋಡುವವರಿಗೆ ಒಂದು ಸಾಮಾನ್ಯ ಗುರುತು: ಚಾಲಕನ ಏರ್‌ಬ್ಯಾಗ್ ದೇಶದಲ್ಲಿ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕೆ ಮೊದಲಿನವನ್ನು ಕಣ್ಣಾರೆ ನೋಡಿಯೇ ನಂಬಬೇಕು.

ಡೀಸೆಲೋ ಪೆಟ್ರೋಲೋ?

ಅಶ್ವಶಕ್ತಿಯ ಲೆಕ್ಕದಲ್ಲಿ ಪೆಟ್ರೋಲ್ ಗಾಡಿ ಮೇಲು. ಆದರೆ ತೋಟದ ಏರಿನಲ್ಲಿ ಬೇಕಾದುದು ಎಳೆಯುವ ಬಲ, ಅಂದರೆ ಟಾರ್ಕು. ಡೀಸೆಲ್ ಎಂಜಿನ್ ನಿಮಿಷಕ್ಕೆ 1750 ಸುತ್ತಿನಲ್ಲೇ 200 ನ್ಯೂಟನ್ ಮೀಟರು ಬಲ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಬಲ 138. ಅದೂ 4400 ಸುತ್ತಿಗೆ ಏರಿದ ಮೇಲೆ. ಐದು ಜನ ಕುಳಿತು ಘಾಟಿ ಹತ್ತುವಾಗ ಪೆಟ್ರೋಲ್ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಕೂಗಿಸಬೇಕಾಗುತ್ತದೆ. ಡೀಸೆಲ್‌ಗೂ ಒಂದು ಕೊರತೆಯುಂಟು: ಸುತ್ತು ತೀರ ಕೆಳಗಿಳಿದರೆ ಟರ್ಬೊ ಮಲಗುತ್ತದೆ; ಏರಿನ ಮಧ್ಯೆ ಗೇರು ಬದಲಿಸಲು ತಡವಾದರೆ ಗಾಡಿ ಸತ್ತಂತಾಗುತ್ತದೆ. ಇದು ಅಭ್ಯಾಸದಿಂದ ಸರಿಹೋಗುವ ಮಾತು.

ಈ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಝೈರ್, ಎರ್ಟಿಗ ಗಾಡಿಗಳಲ್ಲೂ ಇದ್ದುದರಿಂದ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗಳಿಗೆ ಇದರ ನಾಡಿ ಗೊತ್ತು. 2020ರ ನಂತರದ ಬೇರೆ ಕಂಪನಿಗಳ ಬಿ.ಎಸ್. 6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದು ಸುಟ್ಟು ಶುದ್ಧವಾಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಡೈರಿಗೆ, ಡೈರಿಯಿಂದ ತೋಟಕ್ಕೆ ಎರಡೆರಡು ಮೈಲಿ ಓಡುವ ಗಾಡಿಯಲ್ಲಿ ಜಾಲರಿ ಕಟ್ಟಿಕೊಂಡು ಖರ್ಚು ತರುತ್ತದೆ.

ಎ.ಜಿ.ಎಸ್. ಗೇರಿನ ಬಗ್ಗೆ ನಮ್ಮ ಅಭಿಪ್ರಾಯ: ಪೇಟೆಗೆ ಸುಖ, ಕಡಿದಾದ ದಾರಿಗೆ ಬೇಡ. ಅದರೊಳಗೂ ಇರುವುದು ಮಾಮೂಲಿ ಕ್ಲಚ್ಚೇ, ತುಳಿಯುವುದು ಮಾತ್ರ ಯಂತ್ರ. ಏರಿನಲ್ಲಿ ಇಂಚಿಂಚು ಸರಿಯುವಾಗ ಅದು ಕಾದು ಸವೆಯುತ್ತದೆ. ನಮ್ಮ ದಾರಿಗೆ ಕೈಗೇರೇ ಕ್ಷೇಮ.

ಉತ್ತರ ಬೆಂಗಳೂರಿನಲ್ಲಿ ನಾವು ಕಂಡದ್ದು

ಕಳೆದ ಕೊಯ್ಲು ಮುಗಿದ ಮೇಲೆ ಇನ್ನೊಬ್ಬ ಸದಸ್ಯರಿಗೆ ಗಾಡಿ ನೋಡಲು ನಾವು ಪುನಃ ಹೊರಟೆವು. ಈ ಸಲ ಊರಿನ ಮೆಕ್ಯಾನಿಕ್ ಒಬ್ಬರನ್ನೂ ಕರೆದುಕೊಂಡು, ಹಾಸನದ ರಸ್ತೆಯಲ್ಲಿ ನೆಲಮಂಗಲಕ್ಕೆ ಬಂದು, ಯಶವಂತಪುರದಲ್ಲಿ ಇಳಿದುಕೊಂಡು ಎರಡು ದಿನ ಸುತ್ತಿದೆವು.

ಮೊದಲನೆಯದನ್ನು ಕಂಡದ್ದು ಆರ್.ಟಿ. ನಗರದಲ್ಲಿ. "2019ರ ಗಾಡಿ, ಓಡಿದ್ದು ನಲವತ್ತು ಸಾವಿರ ಕಿಲೋಮೀಟರು" ಎಂದರು. ಆರ್.ಸಿ.ಯಲ್ಲಿ ತಯಾರಾದ ತಿಂಗಳು ಸರಿಯಾಗಿತ್ತು, ಎಡಗಡೆ ಏರ್‌ಬ್ಯಾಗೂ ಇತ್ತು. ಮೆಕ್ಯಾನಿಕ್ ಹ್ಯಾಂಡ್ ಬ್ರೇಕು ಎಳೆದು, ನಾಲ್ಕನೆಯ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಟ್ಟರು. ಒಳ್ಳೆಯ ಕ್ಲಚ್ಚಾದರೆ ಎಂಜಿನ್ ಕೂಡಲೆ ನಿಲ್ಲಬೇಕು. ಅದು ಗೊಣಗುತ್ತ ಓಡುತ್ತಲೇ ಇತ್ತು. ಮಾಲೀಕರು ದಿನವೂ ಹೆಬ್ಬಾಳದ ಮೇಲ್ಸೇತುವೆ ದಾಟಿ ಕೆಲಸಕ್ಕೆ ಹೋಗುವವರು. ಆ ದಟ್ಟಣೆಯಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ಸಲ ಕ್ಲಚ್ ತುಳಿಯಬೇಕೋ ದೇವರಿಗೇ ಗೊತ್ತು. ಪೇಟೆಯ ಗಾಡಿಗೆ ಮೀಟರಿನ ಅಂಕಿಯೊಂದೇ ವಯಸ್ಸಲ್ಲ ಎಂಬುದು ಅಲ್ಲಿ ಕಲಿತ ಪಾಠ.

ಎರಡನೆಯದು ಯಲಹಂಕದಲ್ಲಿ, 2020ರ ಪೆಟ್ರೋಲ್. ಹೊರಗಿನಿಂದ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ. ಮೆಕ್ಯಾನಿಕ್ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆಯಿತ್ತು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಮಣ್ಣು, ಸೀಟಿನ ಕಂಬಿಗಳಲ್ಲಿ ತುಕ್ಕು. ಗಾಡಿ ನೀರಿನಲ್ಲಿ ನಿಂತಿತ್ತು. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕ ಕೆರೆಯ ಬಳಿಯ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಹೊರತಂದದ್ದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ನಾವು ನೋಡಿದ ಗಾಡಿ ಎಲ್ಲಿ ಮುಳುಗಿತ್ತೆಂದು ನಾವು ಹೇಳಲಾರೆವು. ಆದರೆ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸುವ ಊರಿನಲ್ಲಿ ಇದು ಯಾವ ಬಡಾವಣೆಯಲ್ಲಾದರೂ ಆಗಬಹುದು. ನೀರು ಕುಡಿದ ಗಾಡಿಯ ವೈರುಗಳು ಆರು ತಿಂಗಳು ಸುಮ್ಮನಿದ್ದು, ಆಮೇಲೆ ಒಂದೊಂದಾಗಿ ಕೈಕೊಡುತ್ತವೆ. ಅಡಿಕೆಯ ಹೊರಗಿನ ಬಣ್ಣ ನೋಡಿ ಧಾರಣೆ ಹೇಳುವವರುಂಟೆ? ಒಡೆದು ನೋಡುತ್ತೇವಲ್ಲವೆ? ಗಾಡಿಗೂ ಅದೇ ನ್ಯಾಯ.

ಮೂರನೆಯದು ಹೆಬ್ಬಾಳದ ಹತ್ತಿರ, ನಿವೃತ್ತರೊಬ್ಬರ ಮನೆಯಲ್ಲಿ. 2018ರ ಅಕ್ಟೋಬರಿನಲ್ಲಿ ತಯಾರಾದ ವಿ.ಡಿ.ಐ. ಡೀಸೆಲ್, ಕೈಗೇರು. ಓಡಿದ್ದು ಎಂಬತ್ತು ಸಾವಿರ, ಹೆಚ್ಚಿನದೆಲ್ಲ ಹೆದ್ದಾರಿಯಲ್ಲಿ. ಬಂಪರಿನಲ್ಲಿ ಎರಡು ಗೀರು, ಸೀಟಿನ ಬಟ್ಟೆ ಮಾಸಿತ್ತು. ಆದರೆ ಮೊದಲಿನಿಂದ ಮಾಡಿಸಿದ ಸರ್ವೀಸಿನ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಕಟ್ಟಿಟ್ಟಿದ್ದರು. ಏರು ಪರೀಕ್ಷಿಸಲು ಪೇಟೆಯಲ್ಲಿ ಬೆಟ್ಟವೆಲ್ಲಿ ಎಂದು ನಾವು ಯೋಚಿಸುತ್ತಿದ್ದರೆ, ಮೆಕ್ಯಾನಿಕ್ ಅವರ ಕಟ್ಟಡದ ನೆಲಮಾಳಿಗೆಯ ಇಳಿಜಾರನ್ನೇ ತೋರಿಸಿದರು. ನಾಲ್ವರೂ ಕುಳಿತು, ಇಳಿಜಾರಿನ ನಡುವೆ ಗಾಡಿ ನಿಲ್ಲಿಸಿ, ಪುನಃ ಹೊರಡಿಸಿದೆವು. ಸುಟ್ಟ ವಾಸನೆಯಿಲ್ಲ, ನಡುಕವಿಲ್ಲ. "ಯಜಮಾನರೇ, ಇದನ್ನೇ ಮಾತಾಡಿ" ಎಂದರು ಮೆಕ್ಯಾನಿಕ್. ನಾಲ್ಕು ಟೈರುಗಳ ಮೇಲಿನ ಅಂಕಿಯನ್ನೂ ಓದಿದೆವು. "1823" ಎಂದಿದ್ದರೆ 2023ರ ಹದಿನೆಂಟನೆಯ ವಾರದಲ್ಲಿ ತಯಾರಾದ ಟೈರು ಎಂದರ್ಥ. ಎರಡು ಹಳೆಯವಾಗಿದ್ದುದರಿಂದ ಅಷ್ಟು ಬೆಲೆ ಇಳಿಸಲು ಮಾಲೀಕರು ಒಪ್ಪಿದರು.

ಕಾಗದ ಪತ್ರದ ವಿಚಾರ

ಸಂಖ್ಯಾಫಲಕದಲ್ಲಿ ಕೆಎ-04 ಎಂದರೆ ಯಶವಂತಪುರದ, ಕೆಎ-50 ಎಂದರೆ ಯಲಹಂಕದ ಆರ್.ಟಿ.ಓ. ಕಚೇರಿ. ಕರ್ನಾಟಕದೊಳಗಿನ ಗಾಡಿಗೆ ಆಜೀವ ತೆರಿಗೆ ಮತ್ತೆ ಕಟ್ಟಬೇಕಿಲ್ಲ, ನಂಬರೂ ಬದಲಾಗುವುದಿಲ್ಲ. ಹೊರರಾಜ್ಯದ ನಂಬರಾದರೆ ಇಲ್ಲಿಯ ತೆರಿಗೆ ಕಟ್ಟಬೇಕು. ದೆಹಲಿ ಕಡೆಯ ಡೀಸೆಲ್ ಗಾಡಿ ಅಗ್ಗವಾಗಿ ಕಂಡರೆ ಆ ಮೊತ್ತವನ್ನು ಕೂಡಿಸಿ ಲೆಕ್ಕ ಮಾಡಬೇಕು.

ವರ್ಗಾವಣೆಗೆ ಬೇಕಾದುದು 29 ಮತ್ತು 30ನೆಯ ನಮೂನೆಗಳು. ಗಾಡಿಯ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನ ನಿರಾಕ್ಷೇಪಣ ಪತ್ರ ಹಾಗೂ 35ನೆಯ ನಮೂನೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ಹೆಸರಿನಲ್ಲೇ ವಿಮೆ ಬಿಟ್ಟು ಓಡಿಸಿದರೆ, ನಿಮ್ಮ ಗಾಡಿಗೆ ಪೆಟ್ಟಾದಾಗ ಪರಿಹಾರಕ್ಕೆ ತೊಡಕು ಬರುತ್ತದೆ.

2023ರ ಏಪ್ರಿಲ್‌ನಿಂದ ಹಳೆಯ ಗಾಡಿಗಳ ವ್ಯಾಪಾರಿಗಳು ಆರ್.ಟಿ.ಓ. ಅಧಿಕಾರ ಪತ್ರ ಪಡೆದಿರಬೇಕೆಂಬ ನಿಯಮವಿದೆ. ವ್ಯಾಪಾರಿಯಿಂದ ಕೊಳ್ಳುವುದಾದರೆ ಅದನ್ನು ತೋರಿಸಿರೆಂದು ಕೇಳಲು ಸಂಕೋಚಪಡಬಾರದು. ಕೊನೆಗೆ, ಗಾಡಿಯ ನಂಬರು ಕೊಟ್ಟು ಸಂಚಾರ ಪೊಲೀಸರ ಬಾಕಿ ದಂಡವೆಷ್ಟಿದೆ ಎಂದು ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ. ನಾವು ನೋಡಿದ ಮೊದಲನೆಯ ಗಾಡಿಯ ಮೇಲೆ ಹನ್ನೊಂದು ದಂಡಗಳಿದ್ದವು.

ಕೊನೆಯ ಮಾತು

ಹೆಬ್ಬಾಳದ ಗಾಡಿ ಈಗ ನಮ್ಮ ಊರಿನಲ್ಲಿದೆ. ಮೊದಲ ಮಳೆಗಾಲ ಕಳೆದಿದೆ. ಮೈಲುತುತ್ತದ ಚೀಲಗಳನ್ನೂ ಹೊತ್ತಿದೆ, ಸದಸ್ಯರ ತಾಯಿಯವರನ್ನು ಆಸ್ಪತ್ರೆಗೂ ಕರೆದೊಯ್ದಿದೆ. ತಾಯಿಯವರು ಮುಂದಿನ ಸೀಟಿನಲ್ಲೇ ಕೂರುತ್ತಾರೆ.

ಗಾಡಿ ನೋಡಲು ಹೊರಡುವ ಸದಸ್ಯರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ: ಆರ್.ಸಿ.ಯಲ್ಲಿ ತಯಾರಾದ ತಿಂಗಳು, ಎಡಗಡೆಯ ಏರ್‌ಬ್ಯಾಗ್, ಕ್ಲಚ್ ಮತ್ತು ಇಳಿಜಾರಿನ ಪರೀಕ್ಷೆ, ಸೀಟ್ ಬೆಲ್ಟಿನ ಕೊನೆ, ಸ್ಟೆಪ್ನಿಯ ಗುಂಡಿ, ಟೈರಿನ ಅಂಕಿ, ಸರ್ವೀಸ್ ಬಿಲ್ಲು, ಸಾಲ, ದಂಡ, ವಿಮೆ. ಇದರಲ್ಲಿ ಒಂದನ್ನು ನೋಡಲು ಮಾರುವವರು ಅಡ್ಡಿ ಮಾಡಿದರೂ ಸರಿ, ನಮಸ್ಕಾರ ಹೇಳಿ ಎದ್ದು ಬನ್ನಿ. ಬೆಂಗಳೂರಿನಲ್ಲಿ ಗಾಡಿಗಳಿಗೆ ಬರವಿಲ್ಲ. ಒಂದು ವರ್ಷದ ಕಾಫಿಯ ಹಣ ಮಾತ್ರ ಮತ್ತೆ ಬರಲು ಇನ್ನೊಂದು ವರ್ಷವೇ ಬೇಕು.